‘ಬರೆಯಲಿಕ್ಕೆ ಏನೂ ಇಲ್ಲ ಟೀಚರ್’: ಮಕ್ಕಳ ಬರವಣಿಗೆ ಪುಸ್ತಕ ನಡೆಸುವ ಕ್ರಮ

ಐದನೇ ತರಗತಿಯಲ್ಲಿ ಬೋರ್ಡಿನ ಮೇಲೆ ‘ಮಳೆಗಾಲ’ ಎಂದು ಬರೆದು, ಪ್ರಬಂಧ ಬರೆಯಿರಿ ಎಂದರೆ 35 ಪುಸ್ತಕಗಳಲ್ಲೂ ಒಂದೇ ಪ್ರಬಂಧ ಸಿಗುತ್ತದೆ. ಮಳೆಗಾಲ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ, ಕೆರೆ ಬಾವಿಗಳು ತುಂಬುತ್ತವೆ, ರೈತರಿಗೆ ಸಂತೋಷವಾಗುತ್ತದೆ, ಮಳೆಗಾಲ ನನಗೆ ತುಂಬಾ ಇಷ್ಟ. ಬರೆದವರು ಯಾರು ನೋಡಿ: ಬೆಳಿಗ್ಗೆ ಕಾಲುಸಂಕ ದಾಟುವಾಗ ಕೆಳಗೆ ತೋಡಿನ ಕೆಂಪು ನೀರು ನೋಡಿ ಬಂದವರು, ಒದ್ದೆ ಕೊಡೆಯನ್ನು ಸೀಟಿನ ಮೇಲಿಟ್ಟು ಬಸ್ಸಿನ ಕಂಡಕ್ಟರನಿಂದ ಬೈಸಿಕೊಂಡವರು, ನಾಳೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೋ ಇಲ್ಲವೋ ಎಂದು ರಾತ್ರಿ ಹತ್ತರವರೆಗೆ ಅಮ್ಮನ ಮೊಬೈಲ್ ಕಾದವರು. ಇದೆಲ್ಲ ‘ವಿಷಯ’ ಎಂದು ಅವರಿಗೆ ಯಾರೂ ಹೇಳಿಲ್ಲ. ಪ್ರಬಂಧ ಎಂದರೆ ಗೈಡಿನಲ್ಲಿ ಇರುವಂಥದ್ದು ಎಂದೇ ಅವರ ಎಣಿಕೆ.

ಬರವಣಿಗೆ ಪುಸ್ತಕ ಬೇಕಾಗುವುದು ಈ ಎಣಿಕೆಯನ್ನು ಬಿಡಿಸಲಿಕ್ಕೆ. ಮಕ್ಕಳು ತಮ್ಮ ವಿಷಯವನ್ನು ತಾವೇ ಆರಿಸಿಕೊಳ್ಳಬೇಕು ಎಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೊನಾಲ್ಡ್ ಗ್ರೇವ್ಸ್ 1980ರ ಸುಮಾರಿಗೆ ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಿ ವಾದಿಸಿದ್ದರು. ಅಲ್ಲಿಂದೀಚೆಗೆ ಈ ಪದ್ಧತಿ ಬೇರೆ ಬೇರೆ ದೇಶಗಳ ಶಾಲೆಗಳಿಗೆ ಹೋಗಿದೆ. ಆದರೆ ‘ನಿಮಗೆ ಬೇಕಾದದ್ದು ಬರೆಯಿರಿ’ ಎಂದು ಹೇಳಿ ಕುರ್ಚಿಯಲ್ಲಿ ಕುಳಿತರೆ ಆಗುವುದಿಲ್ಲ. ಆಗ ಮಕ್ಕಳು ಪಕ್ಕದವರ ಪುಸ್ತಕ ನೋಡುತ್ತಾರೆ. ಆರಿಸುವುದನ್ನೂ ಕಲಿಸಬೇಕು. 4ರಿಂದ 7ನೇ ತರಗತಿಯವರೆಗೆ ಅದನ್ನು ಹೇಗೆ ಮಾಡಬಹುದು ಎಂಬುದು ಇಲ್ಲಿದೆ.

ಪುಸ್ತಕ ಮತ್ತು ಸಮಯ

200 ಪುಟದ ಉದ್ದ ನೋಟ್‌ಬುಕ್ ಬೇಡ. ದಪ್ಪ ನೋಡಿಯೇ ಮಗು ಸೋಲುತ್ತದೆ. 100 ಪುಟದ, ಒಂದು ಗೆರೆಯ ಸಣ್ಣ ಪುಸ್ತಕ ಸಾಕು. ಮೊದಲ ದಿನ ಮಕ್ಕಳಿಂದಲೇ ಪುಟಸಂಖ್ಯೆ ಹಾಕಿಸಿ. ಮೊದಲ 2 ಪುಟ ವಿಷಯಗಳ ಪಟ್ಟಿಗೆ, ಕೊನೆಯ 4 ಪುಟ ಪದಗಳಿಗೆ. ಉಳಿದದ್ದರಲ್ಲಿ ಬಲಬದಿಯಲ್ಲಿ ಮಾತ್ರ ಬರೆಯಬೇಕು, ಎಡಬದಿ ಖಾಲಿ. ‘ಪುಟ ದಂಡ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಖಾಲಿ ಪುಟವೇ ಇಡೀ ಪದ್ಧತಿಯ ಜೀವ, ಯಾಕೆಂದು ಮುಂದೆ ತಿಳಿಯುತ್ತದೆ. ಲೆಕ್ಕ ಹಾಕಿದರೆ ಬರೆಯಲು 47 ಪುಟ ಸಿಗುತ್ತದೆ. ವಾರಕ್ಕೆ ಮೂರು ದಿನದಂತೆ ಜೂನ್‌ನಿಂದ ದಸರಾ ರಜೆಯವರೆಗೆ ಅಷ್ಟು ಸರಿಹೋಗುತ್ತದೆ.

ಜೆಲ್ ಪೆನ್ ಬೇಡ. ನಮ್ಮ ಕರಾವಳಿಯ ಜುಲೈ ತಿಂಗಳ ತೇವಕ್ಕೆ ಅದರ ಶಾಯಿ ಹಿಂಬದಿಗೂ ಹರಡುತ್ತದೆ. ಪೆನ್ಸಿಲ್ ಅಥವಾ ಬಾಲ್ ಪೆನ್ ಆಗಬಹುದು. ರಬ್ಬರ್ ಮಾತ್ರ ಬ್ಯಾಗಿನಲ್ಲೇ ಇರಲಿ. ತಪ್ಪಿದ್ದಕ್ಕೆ ಒಂದೇ ಗೆರೆ ಎಳೆದು ಮುಂದೆ ಹೋಗಬೇಕು. ಉಜ್ಜುತ್ತಾ ಕುಳಿತ ಮಗು ಎಂಟು ನಿಮಿಷದಲ್ಲಿ ಎರಡು ಸಾಲು ಬರೆಯುತ್ತದೆ. ಬ್ರೌನ್ ಪೇಪರಿನ ಬೈಂಡ್ ಹಾಕಿದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರ್ ಹಾಕಿಸಿ. ಪುಸ್ತಕಗಳು ಶಾಲೆಯಲ್ಲೇ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ, ಗೋಡೆಗೆ ತಾಗದ ಹಾಗೆ ಇರಲಿ.

ಮನೆಗೆ ಕಳುಹಿಸಬಾರದು ಎನ್ನಲು ಇನ್ನೊಂದು ಕಾರಣ ಮನೆಯವರು. ಮಗುವಿನ ಅಕ್ಷರ ನೋಡಿ ಅಮ್ಮನಿಗೋ ಅಕ್ಕನಿಗೋ ಸುಮ್ಮನಿರಲು ಆಗುವುದಿಲ್ಲ. ಅಳಿಸಿ ಬರೆಸುತ್ತಾರೆ, ಕೆಲವೊಮ್ಮೆ ತಾವೇ ಬರೆದುಕೊಡುತ್ತಾರೆ. ಮನೆಯಲ್ಲಿ ಕಂಡದ್ದು ಮರೆಯಬಾರದೆಂದರೆ ಕಂಪಾಸ್ ಬಾಕ್ಸಿನಲ್ಲಿ ಒಂದು ಮಡಚಿದ ಚೀಟಿ ಇರಲಿ. ಅದರಲ್ಲಿ ಮೂರು ನಾಲ್ಕು ಪದ ಗೀಚಿಕೊಂಡು ಬಂದರೆ ಸಾಕು. ‘ಬೆಕ್ಕು, ಅಟ್ಟ, ಅಜ್ಜ ಬೈದದ್ದು’ ಎಂದಿದ್ದರೆ ಮರುದಿನ ಅದು ಅರ್ಧ ಪುಟವಾಗುತ್ತದೆ.

40 ನಿಮಿಷದ ಕನ್ನಡ ಪಿರಿಯಡ್‌ನಲ್ಲಿ ವಾರಕ್ಕೆ ಮೂರು ದಿನ ಮೊದಲ 15 ನಿಮಿಷ ಇದಕ್ಕೆ ತೆಗೆದಿಡಿ: 3 ನಿಮಿಷ ಮಾತು, 8 ನಿಮಿಷ ಬರೆಯುವುದು, 4 ನಿಮಿಷ ಇಬ್ಬರು ಮೂವರು ಓದುವುದು. ವಾರಕ್ಕೊಮ್ಮೆ ಒಂದು ಗಂಟೆ ಕೊಟ್ಟರೆ ಅಷ್ಟೇ ಲಾಭ ಆಗುವುದಿಲ್ಲ, ನಡುವೆ ಮಗುವಿಗೆ ಎಲ್ಲ ಮರೆತುಹೋಗಿರುತ್ತದೆ. ಮೊದಲ ಎರಡು ವಾರ ಟೀಚರ್ ಕೂಡ ಮಕ್ಕಳ ಜೊತೆ ಕುಳಿತು ಬರೆಯಬೇಕು. ಟೀಚರ್ ಹಾಜರಿ ಪುಸ್ತಕ ತುಂಬುತ್ತಿದ್ದರೆ ಇದು ಇನ್ನೊಂದು ಕಾಪಿ ಬರೆಯುವ ಕೆಲಸ ಎಂದು ಮಕ್ಕಳು ತಿಳಿಯುತ್ತಾರೆ.

ಹುಡುಕುವುದು

ಮೊದಲ ಎರಡು ವಾರ ವಾಕ್ಯಗಳನ್ನೇ ಕೇಳಬೇಡಿ. ಪಟ್ಟಿ ಮತ್ತು ನಕ್ಷೆ ಸಾಕು.

ಪಟ್ಟಿ ಎಂದರೆ ‘ನನಗೆ ಇಷ್ಟವಾದವುಗಳು’ ಅಲ್ಲ. ಅದರಲ್ಲಿ ಐಸ್‌ಕ್ರೀಂ, ಕ್ರಿಕೆಟ್, ಮೊಬೈಲ್ ಬಂದು ನಿಲ್ಲುತ್ತದೆ. ಪಟ್ಟಿಯ ತಲೆಬರಹದಲ್ಲೇ ಸ್ವಲ್ಪ ಖಾರ ಇರಬೇಕು. ನನ್ನ ಮೈಮೇಲಿನ ಗಾಯದ ಕಲೆಗಳು. ನಮ್ಮ ಮನೆಯಲ್ಲಿ ನಾನು ಮುಟ್ಟಬಾರದ ವಸ್ತುಗಳು. ಕಳೆದುಹೋಗಿ ಸಿಗದೇ ಇದ್ದದ್ದು. ಮನೆಯವರು ದಿನಾ ಹೇಳುವ ಒಂದೇ ಮಾತು. ದೊಡ್ಡವರ ಸಹಾಯ ಇಲ್ಲದೆ ನನಗೆ ಮಾಡಲಿಕ್ಕೆ ಬರುವ ಕೆಲಸ. ಹಗಲಿನಲ್ಲಿ ಹೆದರಿಕೆ ಇಲ್ಲದ, ರಾತ್ರಿ ಹೆದರಿಕೆಯಾಗುವ ಜಾಗಗಳು. ಒಂದು ದಿನಕ್ಕೆ ಒಂದೇ ಪಟ್ಟಿ, ಕನಿಷ್ಠ 8 ಹೆಸರು. ಮೊದಲ ಮೂರು ಎಲ್ಲರದ್ದೂ ಒಂದೇ ಇರುತ್ತದೆ, ಐದನೆಯದರ ನಂತರ ಮಗುವಿನ ಸ್ವಂತದ್ದು ಹೊರಗೆ ಬರುತ್ತದೆ. ಆದ್ದರಿಂದ ಮೂರಕ್ಕೇ ‘ಆಯಿತು ಟೀಚರ್’ ಎಂದವರನ್ನು ಬಿಡಬೇಡಿ. ಗಾಯದ ಕಲೆಯ ಪಟ್ಟಿ ಎಲ್ಲ ತರಗತಿಗಳಲ್ಲೂ ನಡೆಯುತ್ತದೆ: ಮೊಣಕಾಲಿನ ಒಂದು ಕಲೆ ಇಲ್ಲದ ಮಗು ಇಲ್ಲ, ಅದರ ಹಿಂದೆ ಒಂದು ಸಂಗತಿಯೂ ಇದ್ದೇ ಇದೆ.

ನಕ್ಷೆ ಎಂದರೆ ಮನೆಯಿಂದ ಶಾಲೆಗೆ ಬರುವ ದಾರಿ. ಬೈಲು, ತೋಡು, ಗುಡ್ಡೆ, ದೈವಸ್ಥಾನ, ಮಸೀದಿಯ ತಿರುವು, ನಾಯಿ ಇರುವ ಮನೆ, ಗೂಡಂಗಡಿ, ಬಸ್ ಸ್ಟ್ಯಾಂಡ್ ಎಲ್ಲವನ್ನೂ ಬಿಡಿಸಲಿ. ಚಿತ್ರ ಚಂದ ಆಗಬೇಕಾಗಿಲ್ಲ. ಆಮೇಲೆ ತನಗೆ ಏನಾದರೂ ಆದ 5 ಜಾಗಗಳಿಗೆ ಅಡ್ಡಗುರುತು ಹಾಕಿ, ಪಕ್ಕದಲ್ಲಿ ಎರಡೆರಡು ಪದ ಬರೆಯಲಿ. ಮಂಗಳೂರು ಪೇಟೆಯ ಫ್ಲ್ಯಾಟಿನಲ್ಲಿ ಇರುವ ಮಕ್ಕಳಿಗೆ ಬರೆಯಲು ಏನಿದೆ ಎಂದು ಕೆಲವರು ಕೇಳುತ್ತಾರೆ. ಲಿಫ್ಟ್ ನಿಂತುಹೋದದ್ದು, ವಾಚ್‌ಮ್ಯಾನ್ ಮಲಗುವ ಜಾಗ, ಪಾರ್ಕಿಂಗ್‌ನಲ್ಲಿ ಬಾಲ್ ಆಡಿ ಕಾರಿನ ಕನ್ನಡಿ ಒಡೆದದ್ದು, ಸ್ಕೂಲ್ ವ್ಯಾನ್ ದಿನಾ ಸಿಕ್ಕಿಬೀಳುವ ಸಿಗ್ನಲ್, ಎಲ್ಲವೂ ನಕ್ಷೆಗೆ ಬರುತ್ತವೆ.

ಮೂರನೇ ವಾರ ಒಂದು ವಸ್ತು ತರಲು ಹೇಳಿ. ಬೆಲೆಯದ್ದು ಬೇಡ: ಬಸ್ ಟಿಕೆಟ್, ಅಡಿಕೆ ಹಾಳೆಯ ತುಂಡು, ಹರಿದ ಬಲೆ, ಬೀಡಿ ಎಲೆ, ಹಂಚಿನ ಚೂರು. ನಾಲ್ಕು ನಿಮಿಷ ಕಣ್ಣಿಗೆ ಕಂಡದ್ದು, ಮೂಗಿಗೆ ಬಂದದ್ದು, ಕೈಗೆ ತಾಗಿದ್ದು. ಆಮೇಲೆ ‘ಇದು ನಮ್ಮ ಮನೆಯಲ್ಲಿ ಯಾರ ಕೈಯಲ್ಲಿ ಇರುತ್ತದೆ’ ಎಂಬುದು. ವಸ್ತುವಿನಿಂದ ಮನುಷ್ಯರ ಕಡೆಗೆ ತಿರುಗುವಲ್ಲಿ ಬರಹ ಶುರುವಾಗುತ್ತದೆ.

ಊರಿನ ವರ್ಷಚಕ್ರವೂ ವಿಷಯ ಕೊಡುತ್ತಲೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರು, ಮಂಗಳೂರಿನ ಧಕ್ಕೆಯ ಕಡೆಯ ಎಷ್ಟೋ ಮಕ್ಕಳಿಗೆ ಅಪ್ಪ ದಿನವಿಡೀ ಮನೆಯಲ್ಲಿ ಸಿಗುವ ಕಾಲ ಅದು. ತುಳುವರ ಆಟಿ ತಿಂಗಳಲ್ಲಿ ಪತ್ರೊಡೆ, ಅಷ್ಟಮಿಗೂ ನವರಾತ್ರಿಗೂ ಹುಲಿವೇಷ, ನವೆಂಬರ್‌ನಿಂದ ಯಕ್ಷಗಾನ ಮೇಳಗಳ ಆಟ (ಪ್ರದರ್ಶನ) ಮತ್ತು ಕಂಬಳ, ಬೇಸಗೆಯಲ್ಲಿ ಅಂಗಳ ತುಂಬ ಅಡಿಕೆ. ಆದರೆ ಇವನ್ನು ತಲೆಬರಹವಾಗಿ ಕೊಟ್ಟರೆ ಕೆಟ್ಟಿತು ಎಂದೇ ಲೆಕ್ಕ. ‘ಯಕ್ಷಗಾನ’ ಎಂದು ಕೊಟ್ಟರೆ ‘ಯಕ್ಷಗಾನ ಕರಾವಳಿಯ ಗಂಡುಕಲೆ’ ಎಂಬಲ್ಲಿಂದ ಶುರು.

ಸಣ್ಣದು ಮಾಡುವುದು

ವಿಷಯ ಸಣ್ಣದಾದಷ್ಟೂ ಬರೆಯಲು ಹೆಚ್ಚು ಸಿಗುತ್ತದೆ. ಇದನ್ನು ದೊಡ್ಡವರೇ ನಂಬುವುದಿಲ್ಲ, ಮಕ್ಕಳು ನಂಬುವುದು ಇನ್ನೂ ಕಷ್ಟ. ಒಂದು ಪುಟ ತುಂಬಿಸಬೇಕಾದರೆ ದೊಡ್ಡ ವಿಷಯವೇ ಬೇಕು ಎಂದು ಅವರ ಲೆಕ್ಕ.

ಒಂದೇ ಪ್ರಶ್ನೆಯಿಂದ ಅಳೆಯಿರಿ: ‘ಇದು ಎಷ್ಟು ಹೊತ್ತು ನಡೆಯಿತು?’ ಉತ್ತರ ಹತ್ತು ನಿಮಿಷಕ್ಕಿಂತ ಹೆಚ್ಚಿದ್ದರೆ ಇನ್ನೂ ಕತ್ತರಿಸಬೇಕು. ‘ಆಟಕ್ಕೆ ಹೋದದ್ದು’ ಇಡೀ ರಾತ್ರಿಯ ಸಂಗತಿ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ (ಬಿಳಿ ಚುಕ್ಕಿಗಳು) ಇಡುವುದನ್ನು ಬಾಗಿಲ ಸಂದಿನಿಂದ ನೋಡಿದ್ದು ಐದು ನಿಮಿಷ. ಕಂಬಳದಲ್ಲಿ ಓಟ ಎಲ್ಲರೂ ಬರೆಯುತ್ತಾರೆ. ಓಟ ಮುಗಿದ ಕೋಣಗಳಿಗೆ ನೀರು ಹೊಯ್ಯುವುದನ್ನು ನೋಡಿದ ಮಗು ಅದನ್ನೇ ಬರೆಯಲಿ. ‘ನಂತರ… ನಂತರ… ನಂತರ…’ ಎಂದು ಬೆಳಿಗ್ಗೆ ಹಲ್ಲುಜ್ಜಿದಲ್ಲಿಂದ ರಾತ್ರಿ ಮಲಗುವವರೆಗೆ ಬರೆದ ಪುಟ ಬಂದರೆ ಅದನ್ನು ಹಳಿಯಬೇಡಿ. ‘ನಂತರ’ಗಳಿಗೆಲ್ಲ ಸುತ್ತು ಹಾಕಿಸಿ, ಯಾವ ಎರಡು ಸುತ್ತುಗಳ ನಡುವೆ ಜೀವ ಇದೆ ಎಂದು ಮಗುವನ್ನೇ ಕೇಳಿ. ಅಷ್ಟನ್ನು ಮಾತ್ರ ಮರುದಿನ ಹೊಸ ಪುಟದಲ್ಲಿ ಬರೆಯಲಿ.

ಬೆಳೆಸುವುದು: ಒಂದು ಪುಟ, ನಾಲ್ಕು ದಿನ

ಎಡಬದಿಯ ಖಾಲಿ ಪುಟ ಕೆಲಸಕ್ಕೆ ಬರುವುದು ಇಲ್ಲಿ. ಉಡುಪಿ ಜಿಲ್ಲೆಯ ಶಂಕರಪುರದ ಕಡೆಯ ಒಂದು ಮಗು ಬಲಬದಿಯಲ್ಲಿ ಹೀಗೆ ಬರೆದಿದೆ ಎಂದುಕೊಳ್ಳಿ:

‘ನನ್ನ ಅಜ್ಜಿ ಮಲ್ಲಿಗೆ ಕಟ್ಟುತ್ತಾರೆ. ಅವರು ತುಂಬಾ ಬೇಗ ಕಟ್ಟುತ್ತಾರೆ. ನನಗೂ ಕಲಿಸಿದ್ದಾರೆ. ನನಗೆ ಮಲ್ಲಿಗೆ ತುಂಬಾ ಇಷ್ಟ.’

ಹೆಚ್ಚಿನವರು ಇದಕ್ಕೆ ‘ಗುಡ್’ ಬರೆದು ಸಹಿ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಹಾಗೆ ಮಾಡದೆ ‘ತುಂಬಾ ಬೇಗ’ ಎಂಬುದರ ಅಡಿಗೆ ಪೆನ್ಸಿಲ್ ಗೆರೆ ಎಳೆದು ಕೇಳಿ: ಬೇಗ ಅಂತ ಹೇಗೆ ಗೊತ್ತಾಯಿತು, ಏನು ಕಂಡಿತು? ಮಗು ಬಾಯಿಯಲ್ಲಿ ಹೇಳುತ್ತದೆ. ಹೇಳಿದ ತಕ್ಷಣ ‘ಈಗ ಹೇಳಿದ್ದನ್ನೇ ಎಡಬದಿಯಲ್ಲಿ ಬರೆ’ ಎನ್ನಬೇಕು. ಅರ್ಧ ಗಂಟೆ ಬಿಟ್ಟರೆ ಮತ್ತೆ ಗೈಡಿನ ಭಾಷೆ ಬರುತ್ತದೆ. ಬಂದದ್ದು: ‘ನಾನು ಹತ್ತು ಹೂ ಕಟ್ಟುವಾಗ ಅಜ್ಜಿಯದ್ದು ಒಂದು ಮೊಳ ಆಗುತ್ತದೆ. ಅವರು ಕೈ ನೋಡುವುದಿಲ್ಲ. ಟಿವಿ ನೋಡುತ್ತಾರೆ.’

ಎರಡನೇ ದಿನ ನಾಲ್ವರ ಗುಂಪಿನಲ್ಲಿ ಓದಿಸಿ. ಕೇಳುವವರು ಹೊಗಳಬಾರದು, ತಿದ್ದಬಾರದು. ತಮಗೆ ಗೊತ್ತಾಗದ್ದನ್ನು ತಲಾ ಒಂದು ಪ್ರಶ್ನೆಯಾಗಿ ಕೇಳಬೇಕು. ಎಷ್ಟು ಗಂಟೆಗೆ ಕಟ್ಟುತ್ತಾರೆ? ಕಟ್ಟಿದ್ದು ಎಲ್ಲಿಗೆ ಹೋಗುತ್ತದೆ? ನಿನ್ನದು ಯಾಕೆ ಬಿಚ್ಚಿಹೋಗುತ್ತದೆ? ಪ್ರಶ್ನೆಗಳು ಚೀಟಿಯಲ್ಲಿ ಮನೆಗೆ ಹೋಗಲಿ. ಮರುದಿನ ಚೀಟಿಯಲ್ಲಿ ಮೊಗ್ಗು ಕೊಯ್ಯುವ ಹೊತ್ತು ಇರುತ್ತದೆ, ನಾಲ್ಕು ಚೆಂಡು ಹೂವಿಗೆ ಒಂದು ಅಟ್ಟೆ ಎಂಬ ಅಳತೆಯ ಲೆಕ್ಕ ಇರುತ್ತದೆ, ಹೂ ಮಾರುವ ಕಟ್ಟೆಯಲ್ಲಿ ದಿನಾ ದರ ಬದಲಾಗುವ ಸಂಗತಿ ಇರುತ್ತದೆ. ಮಗುವಿಗೆ ತನ್ನ ಅಜ್ಜಿಯ ಕೆಲಸದ ಬಗ್ಗೆ ಹೊಸತು ಗೊತ್ತಾಗಿರುತ್ತದೆ. ಗೊತ್ತಿರುವುದನ್ನಷ್ಟೇ ಬರೆದರೆ ಬರಹ ನಾಲ್ಕು ಸಾಲಿಗೆ ನಿಲ್ಲುತ್ತದೆ. ಕೇಳಿ ತಿಳಿದದ್ದು ಸೇರಿದರೆ ಬೆಳೆಯುತ್ತದೆ.

ಮೂರನೇ ದಿನ ನಿಧಾನದ ದಿನ. ಎಂಟು ನಿಮಿಷವೂ ಒಂದೇ ಗಂಟಿನ ಬಗ್ಗೆ: ಕೈ ಏನು ಮಾಡುತ್ತದೆ, ತಪ್ಪುವುದು ಎಲ್ಲಿ? ‘ಬಾಳೆನಾರನ್ನು ನೀರಿನಲ್ಲಿ ಹಾಕಿ ಇಡಬೇಕು. ಒಣಗಿದರೆ ತುಂಡಾಗುತ್ತದೆ. ಜೋರು ಎಳೆದರೆ ತೊಟ್ಟು ಕಟ್ ಆಗುತ್ತದೆ. ಸಡಿಲ ಬಿಟ್ಟರೆ ಹೂ ಜಾರುತ್ತದೆ.’ ಇಲ್ಲಿ ‘ಕಟ್ ಆಗುತ್ತದೆ’ಯನ್ನು ತಿದ್ದಬೇಡಿ.

ನಾಲ್ಕನೇ ದಿನ ‘ಇಷ್ಟ’ ಎಂಬ ಪದವನ್ನು ಮುಟ್ಟಬೇಕು. ‘ತುಂಬಾ ಇಷ್ಟ’, ‘ತುಂಬಾ ಖುಷಿ ಆಯಿತು’ ಎಂಬ ಕೊನೆಯ ಸಾಲು ಮಗುವಿಗೆ ಮುಗಿಸಲು ತಿಳಿಯದಾಗ ಬರುವಂಥದ್ದು. ಅದರ ಬದಲು ನೇರವಾಗಿ ಕೇಳಿ: ನೀನು ಕಟ್ಟಿದ್ದು ಏನಾಗುತ್ತದೆ? ‘ನಾನು ಕಟ್ಟಿದ್ದನ್ನು ಅಜ್ಜಿ ಮಾರಲಿಕ್ಕೆ ಕೊಡುವುದಿಲ್ಲ. ಅದನ್ನು ದೇವರ ಫೋಟೋಕ್ಕೆ ಹಾಕುತ್ತಾರೆ.’ ಇದು ಸಿಕ್ಕಿದ ಮೇಲೆ ‘ಇಷ್ಟ’ದ ಸಾಲು ಬೇಕೋ ಬೇಡವೋ ಎಂದು ಮಗುವೇ ನಿರ್ಧರಿಸಲಿ. ಹೊಡೆದುಹಾಕುವ ಮಕ್ಕಳೂ ಇರುತ್ತಾರೆ, ಉಳಿಸಿಕೊಳ್ಳುವವರೂ ಇರುತ್ತಾರೆ.

ಎಲ್ಲ ಪುಟಕ್ಕೂ ಈ ನಾಲ್ಕು ದಿನ ಕೊಡಬೇಕಾಗಿಲ್ಲ. ತಿಂಗಳಿಗೆ ಒಂದು ಪುಟ, ಮಗು ಆರಿಸಿದ್ದು. ಉಳಿದವು ಹಾಗೆಯೇ ಇರಲಿ.

ಮನೆಮಾತು

ನಮ್ಮ ತರಗತಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಮಲಯಾಳ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಇರುತ್ತಾರೆ. ಸಂಗತಿ ನಡೆದದ್ದು ಮನೆಮಾತಿನಲ್ಲಿ, ಬರೆಯಬೇಕಾದ್ದು ಪುಸ್ತಕದ ಕನ್ನಡದಲ್ಲಿ. ಈ ದಾರಿಯಲ್ಲೇ ಅರ್ಧ ವಿಷಯ ಕಳೆದುಹೋಗುತ್ತದೆ. ಮಾತಿನ 3 ನಿಮಿಷದಲ್ಲಿ ಯಾವ ಭಾಷೆಯಾದರೂ ಆಗಬಹುದು ಎಂದು ಹೇಳಿಬಿಡಿ. ಪುಸ್ತಕದಲ್ಲಿ, ಯಾರಾದರೂ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆಯಲಿ: ಅಜ್ಜಿ ತುಳುವಿನಲ್ಲಿ ‘ಬೇಗ ಬಲ’ (ಬೇಗ ಬಾ) ಎಂದರೆ ‘ಬೇಗ ಬಲ’ ಎಂದೇ. ಕನ್ನಡ ಪದ ಗೊತ್ತಿಲ್ಲದ ಕಡೆ ಮನೆಯ ಪದ ಬರೆದು ಮುಂದೆ ಹೋಗಲಿ, ಆಮೇಲೆ ಆ ಪದ ಕೊನೆಯ 4 ಪುಟಕ್ಕೆ ಹೋಗಲಿ. ಟೀಚರ್‌ಗೂ ಗೊತ್ತಿಲ್ಲದ ಪದ ಬಂದರೆ ಮಗುವಿನಿಂದಲೇ ಅರ್ಥ ಕೇಳಿಕೊಳ್ಳಿ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಮೊದಲು ಮಾತಾಡುವುದು ಈ ಹೊತ್ತಿನಲ್ಲಿ.

ಎಲ್ಲಿ ಕೆಡುತ್ತದೆ

ಕೆಂಪು ಪೆನ್ನಿನಿಂದ ಮೊದಲು ಕೆಡುತ್ತದೆ. ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ದೀರ್ಘ ಎಲ್ಲವನ್ನೂ ಈ ಪುಸ್ತಕದಲ್ಲೇ ತಿದ್ದಿದರೆ, ಮುಂದಿನ ಸಲ ಮಗು ತನಗೆ ಸರಿಯಾಗಿ ಬರೆಯಲು ಬರುವ ಪದಗಳಲ್ಲಿ ಹಿಡಿಸುವಷ್ಟನ್ನೇ ಯೋಚಿಸುತ್ತದೆ. ತಪ್ಪುಗಳನ್ನು ನೀವು ಬೇರೆ ಕಡೆ ಗುರುತು ಮಾಡಿಕೊಂಡು ವ್ಯಾಕರಣದ ಪಿರಿಯಡ್‌ನಲ್ಲಿ ಎಲ್ಲರಿಗೂ ಹೇಳಿಕೊಡಿ. ಪುಸ್ತಕದಲ್ಲಿ ನಿಮ್ಮ ಕೈಬರಹ ಎಡಪುಟದ ಕೆಳಗೆ, ಪೆನ್ಸಿಲ್‌ನಲ್ಲಿ, ಒಂದೇ ಪ್ರಶ್ನೆಯಾಗಿ ಇರಲಿ. ಅಂಕ ಬೇಡ.

ಎರಡನೆಯದು ಉದಾಹರಣೆ. ಟೀಚರ್ ಬೋರ್ಡಿನಲ್ಲಿ ಬೂತಾಯಿ ಮೀನಿನ ಬಗ್ಗೆ ಬರೆದು ತೋರಿಸಿದರೆ ಆ ದಿನ ಇಪ್ಪತ್ತು ಮಕ್ಕಳು ಮೀನು ತಿಂದಿರುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಉದಾಹರಣೆ ಕೊಡಿ, ಬರೆಯುವ ಮೊದಲು ಒರೆಸಿಬಿಡಿ.

‘ಏನೂ ಇಲ್ಲ ಟೀಚರ್’ ಎಂದು ಕುಳಿತ ಮಗುವಿಗೆ ಹೊಸ ವಿಷಯ ಕೊಡಬೇಡಿ. ಒಮ್ಮೆ ಕೊಟ್ಟರೆ ದಿನಾ ಕಾಯುತ್ತದೆ. ಅದರ ಹಳೆಯ ಪಟ್ಟಿ ತೆರೆದು, ಆರನೆಯ ಸಾಲಿನ ಮೇಲೆ ಬೆರಳಿಟ್ಟು, ‘ಇದು ಏನು, ನನಗೆ ಹೇಳು’ ಎಂದು ಕೇಳಿ. ಹೇಳಿದ ಮೊದಲ ವಾಕ್ಯವನ್ನು ನೀವೇ ಬರೆದುಕೊಡಿ, ಎರಡನೆಯದನ್ನು ಮಗು ಬರೆಯಲಿ. ಬರೆಯಲು ನಿಜವಾಗಿಯೂ ಕಷ್ಟಪಡುವ ಮಕ್ಕಳು ಚಿತ್ರ ಬಿಡಿಸಿ ಪಕ್ಕದಲ್ಲಿ ಪದಗಳನ್ನು ಬರೆಯಬಹುದು.

35 ಮಕ್ಕಳ ತರಗತಿಯಲ್ಲಿ ಎಲ್ಲರ ಪುಸ್ತಕ ದಿನಾ ನೋಡಹೊರಟರೆ ಟೀಚರ್ ಎರಡನೇ ವಾರಕ್ಕೇ ಕೈಬಿಡುತ್ತಾರೆ. ಬರೆಯುವ 8 ನಿಮಿಷದಲ್ಲಿ ಮೂವರ ಪಕ್ಕ ಎರಡೆರಡು ನಿಮಿಷ ಕುಳಿತುಕೊಳ್ಳಿ, ಇನ್ನು ಮೂವರದ್ದು ಆಮೇಲೆ ಓದಿ. ದಿನಕ್ಕೆ 6, ವಾರಕ್ಕೆ 18; ಎರಡು ವಾರಕ್ಕೊಮ್ಮೆ ಪ್ರತಿ ಮಗುವಿನ ಸರದಿ ಬರುತ್ತದೆ. ಸರದಿಯ ಪಟ್ಟಿ ಗೋಡೆಯಲ್ಲಿರಲಿ, ಮಕ್ಕಳು ನೆನಪಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಮೊದಲೇ ನಿಯಮ ಬೇಕು. ಸ್ವಾತಂತ್ರ್ಯ ಸಿಕ್ಕಿದ ಮೇಲೆ ಮಕ್ಕಳು ಮನೆಯ ಜಗಳ, ಕುಡಿತ, ಹೊಡೆತದ ಬಗ್ಗೆಯೂ ಬರೆಯುತ್ತಾರೆ. ಬೇರೆಯವರು ಓದುವುದು ಬೇಡ ಎನಿಸಿದ ಪುಟವನ್ನು ಮಗು ಮಡಚಿಡಬಹುದು, ಮಡಚಿದ ಪುಟವನ್ನು ತರಗತಿಯಲ್ಲಿ ಯಾರೂ ಓದುವುದಿಲ್ಲ, ಟೀಚರ್ ಮಾತ್ರ ಓದುತ್ತಾರೆ ಎಂದು ಮೊದಲ ದಿನವೇ ಹೇಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಮಗುವಿಗೆ ಅಪಾಯ ಇದೆ ಎಂದು ಕಂಡರೆ ಮುಖ್ಯೋಪಾಧ್ಯಾಯರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098 ಇದೆ. ಅಂಥ ಪುಟದ ಕೆಳಗೆ ಬರವಣಿಗೆಯ ಪ್ರಶ್ನೆ ಬರೆಯಬಾರದು.

ಪುಸ್ತಕದಿಂದ ಹೊರಗೆ

ತಿಂಗಳ ಆ ಒಂದು ಪುಟ ಬೆಳೆದ ಮೇಲೆ ಬೇರೆ ಹಾಳೆಗೆ ಹೋಗುತ್ತದೆ. 4ನೇ ತರಗತಿಗೆ 8ರಿಂದ 10 ಸಾಲು, 5ಕ್ಕೆ ಒಂದು ಪುಟ, 7ಕ್ಕೆ ಒಂದೂವರೆಯಿಂದ ಎರಡು ಪುಟ ಸಾಕು. ಎಡಪುಟದಲ್ಲಿ ಸೇರಿಸಿದ್ದು ಎಲ್ಲಿ ಬರಬೇಕು ಎಂದು 1, 2, 3 ಹಾಕಿಕೊಂಡು ಬರೆಯಲಿ. ಸಿಕ್ಕಿದ್ದನ್ನೆಲ್ಲ ತುಂಬಿಸುವ ಆಸೆ ಇರುತ್ತದೆ; ಮಲ್ಲಿಗೆಯ ದರ ಆ ಗಂಟಿನ ಕಥೆಗೆ ಬೇಡವಾದರೆ ಪುಸ್ತಕದಲ್ಲೇ ಉಳಿಯಲಿ. ಕಾಗುಣಿತ, ಒತ್ತಕ್ಷರ, ಪೂರ್ಣವಿರಾಮ ತಿದ್ದುವ ಜಾಗ ಈ ಹಾಳೆ. ಇಲ್ಲಿ ಕಟ್ಟುನಿಟ್ಟಾಗಿರಬಹುದು, ಮಕ್ಕಳೂ ಬೇಸರಿಸುವುದಿಲ್ಲ, ಯಾಕೆಂದರೆ ಇದನ್ನು ಬೇರೆಯವರು ಓದುತ್ತಾರೆ.

ಓದುವವರನ್ನು ಹುಡುಕಿಕೊಡಿ. ನಮ್ಮ ಕಡೆ ಕೈಬರಹ ಪತ್ರಿಕೆಯ ರೂಢಿ ಇದೆ. ತಿಂಗಳಿಗೊಂದು ಸಂಚಿಕೆ ಹೊಲಿದು ಲೈಬ್ರರಿಯಲ್ಲಿಟ್ಟರೆ ಪಕ್ಕದ ತರಗತಿಯವರು ಓದುತ್ತಾರೆ. ಗೋಡೆ ಪತ್ರಿಕೆ ಮಾಡುವುದಾದರೆ ಮಳೆಗಾಲದಲ್ಲಿ ಗೋಡೆಗೆ ಅಂಟಿಸಬೇಡಿ, ತೇವಕ್ಕೆ ಎರಡೇ ದಿನದಲ್ಲಿ ಕಳಚಿ ಬೀಳುತ್ತದೆ. ತರಗತಿಯ ಒಳಗೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಡಿ. ಎಲ್ಲ ಮಕ್ಕಳದ್ದೂ ಇರಬೇಕು, ಅಕ್ಷರ ಚಂದ ಇರುವವರದ್ದು ಮಾತ್ರ ಅಲ್ಲ.

ದಸರಾ ರಜೆಗೆ ಮೊದಲು ಪುಸ್ತಕವನ್ನು ಒಮ್ಮೆ ಪೂರ್ತಿ ಓದಿಸಿ, ಮುಗಿಯದೆ ಉಳಿದ ಮೂರು ವಿಷಯಗಳನ್ನು ಎರಡನೇ ಪುಸ್ತಕದ ಮೊದಲ ಪುಟಕ್ಕೆ ಮಗುವೇ ಬರೆದುಕೊಳ್ಳಲಿ. ಹಳೆಯ ಪುಸ್ತಕ ಈಗ ಮನೆಗೆ ಹೋಗಬಹುದು. ಮಡಚಿದ ಪುಟಗಳಿದ್ದರೆ, ಕಳುಹಿಸುವ ಮೊದಲು ಅವನ್ನು ಏನು ಮಾಡೋಣ ಎಂದು ಆ ಮಗುವಿನ ಹತ್ತಿರ ಕೇಳಿ.